ಆಫ್ರಿಕಾ ಪಾಠವನ್ನು ಎರಡು ಸಲ ಹೇಳಿದ್ದು

1976ರ ಜೂನ್ ತಿಂಗಳಲ್ಲಿ ನಾನು ಕಲಘಟಗಿ ತಾಲೂಕಿನ ಪಶ್ಚಿಮದ ಅಂಚಿನಲ್ಲಿದ್ದ ಒಂದು ಹೈಸ್ಕೂಲಿಗೆ ಭೂಗೋಳದ ಶಿಕ್ಷಕನಾಗಿ ಸೇರಿದೆ. ಆಗ ನನಗೆ ಇಪ್ಪತ್ತಾರು ವರ್ಷ. ಬಿ.ಎಡ್. ಮುಗಿಸಿ ಎರಡು ವರ್ಷವಾಗಿತ್ತು. ಊರಿನ ಹೆಸರನ್ನಾಗಲಿ ಶಾಲೆಯ ಹೆಸರನ್ನಾಗಲಿ ಬರೆಯುತ್ತಿಲ್ಲ. ನಡೆದದ್ದರಲ್ಲಿ ತಪ್ಪು ನನ್ನದು, ಶಾಲೆಯದಲ್ಲ.

ನಾನು ಅಣ್ಣಿಗೇರಿಯವನು. ನಮ್ಮ ಕಡೆ ಮನೆಯ ಮಾಳಿಗೆ ಹತ್ತಿ ನಿಂತರೆ ನಾಲ್ಕೂ ದಿಕ್ಕಿಗೆ ಎರೆಹೊಲ, ಕಣ್ಣಿಗೆ ಅಡ್ಡ ಬರುವಂಥ ಒಂದು ಗುಡ್ಡವಿಲ್ಲ. ಮಳೆಗಾಲದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕು, ಅಷ್ಟು ಅಂಟುಮಣ್ಣು. ಎರಡು ಬಸ್ಸು ಬದಲಿಸಿ ಬಂದದ್ದಷ್ಟೇ, ಇಲ್ಲಿ ಮಣ್ಣು ಕೆಂಪಾಗಿತ್ತು, ಹೊಲಗಳ ಜಾಗದಲ್ಲಿ ಭತ್ತದ ಗದ್ದೆಗಳಿದ್ದವು, ಶಾಲೆಯ ಹಿಂದೆ ಸಾಗವಾನಿ ಮರಗಳ ಅಡವಿ ಶುರುವಾಗುತ್ತಿತ್ತು. ನಮ್ಮ ಕಡೆಯ ನೀರು ಬೆಣ್ಣಿಹಳ್ಳ ಸೇರಿ, ಮಲಪ್ರಭೆಗೆ ಹೋಗಿ, ಕೃಷ್ಣೆಯ ಜೊತೆ ಪೂರ್ವದ ಸಮುದ್ರ ಮುಟ್ಟುತ್ತದೆ. ಇಲ್ಲಿಯ ನೀರು ಪಶ್ಚಿಮಕ್ಕೆ ತಿರುಗುತ್ತದೆ. ಒಂದೇ ಜಿಲ್ಲೆಯೊಳಗೆ ಎರಡು ಸಮುದ್ರಗಳಿಗೆ ಹೋಗುವ ನೀರು! ಭೂಗೋಳದ ಮಾಸ್ತರನಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು ಎಂದುಕೊಂಡಿದ್ದೆ.

ಮೊದಲ ವಾರವೇ ಎಂಟನೇ ಇಯತ್ತೆಯ ಮಕ್ಕಳನ್ನು ಕೇಳಿದೆ, “ಸಾಲಿ ಹಿಂದಿನ ಹಳ್ಳದ ನೀರು ಎಲ್ಲಿಗೆ ಹೋಗತೈತಿ?” ಮೂವತ್ತೆಂಟು ಮಕ್ಕಳಿದ್ದರು, ಅವರಲ್ಲಿ ಏಳು ಜನ ಹುಡುಗಿಯರು. ಯಾರೋ “ಕೆರಿಗ್ರಿ” ಎಂದರು. ಹುಡುಗಿಯರ ಸಾಲಿನ ಕೊನೆಯಲ್ಲಿದ್ದವಳು ಎದ್ದು ನಿಂತಳು.

“ಬೇಡ್ತಿಗೆ ಹೋಗತೈತ್ರಿ ಸರ್. ಬೇಡ್ತಿ ಘಟ್ಟ ಇಳದು ಸಮುದ್ರಕ್ಕ ಹೋಗತೈತಿ. ಅಲ್ಲಿ ಅದಕ್ಕ ಗಂಗಾವಳಿ ಅಂತಾರ್ರಿ.”

“ನಿನಗ ಹೆಂಗ ಗೊತ್ತು?”

“ನಮ್ಮಪ್ಪ ಕಟಗಿ ಹೇರಾಕ ಘಟ್ಟದ ಕೆಳಗ ಹೋಗಿದ್ದ್ರಿ. ಬಂದು ಹೇಳಿದ.”

ಆಕೆಯ ಹೆಸರು ಮಂಗಲಾ. ಸಿದ್ದಿ ಜನಾಂಗದ ಹುಡುಗಿ. ಸಿದ್ದಿಗಳ ಹಿರಿಯರು ಆಫ್ರಿಕಾದಿಂದ ಬಂದವರು. ಯಲ್ಲಾಪುರ, ಹಳಿಯಾಳದ ಅಡವಿಗಳಲ್ಲಿ ನೂರಾರು ವರ್ಷಗಳಿಂದ ಇದ್ದಾರೆ, ಕಲಘಟಗಿಯ ಅಂಚಿನಲ್ಲೂ ಅವರ ಕೆಲವು ಕೇರಿಗಳಿವೆ. ಮಂಗಲಾಳ ಕೇರಿ ತಂಬೂರು ಎಂಬ ಹಳ್ಳಿಯ ಆಚೆ ಅಡವಿಯ ಬದಿಯಲ್ಲಿತ್ತು. ದಿನಾ ಕಾಲುದಾರಿಯಲ್ಲಿ ನಡೆದು, ಬಸ್ಸು ಸಿಕ್ಕರೆ ಹತ್ತಿ, ಸಿಗದಿದ್ದರೆ ಅದನ್ನೂ ನಡೆದೇ ಶಾಲೆಗೆ ಬರುತ್ತಿದ್ದಳು. ಆ ಕೇರಿಯಿಂದ ಹೈಸ್ಕೂಲಿನ ಮೆಟ್ಟಿಲು ಹತ್ತಿದವರಲ್ಲಿ ಆಕೆಯೇ ಮೊದಲಿಗಳು. ಇದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಆಗಸ್ಟ್ ತಿಂಗಳಲ್ಲಿ ಆಫ್ರಿಕಾ ಖಂಡದ ಪಾಠ ಬಂತು. ಸ್ಟೋರ್ ರೂಮಿನಲ್ಲಿ ಆಫ್ರಿಕಾದ ದೊಡ್ಡದೊಂದು ಗೋಡೆ ನಕಾಶೆ ಇತ್ತು. ಸ್ವಾತಂತ್ರ್ಯಕ್ಕೆ ಮುಂಚೆ ಅಚ್ಚಾದದ್ದು, ಹಿಂಬದಿಗೆ ಬಟ್ಟೆ ಅಂಟಿಸಿದ್ದು. ಇಂಗ್ಲಿಷರ ವಸಾಹತುಗಳಿಗೆ ನಸುಗೆಂಪು, ಫ್ರೆಂಚರಿಗೆ ನೀಲಿ, ಪೋರ್ಚುಗೀಸರಿಗೆ ಹಸಿರು ಹೀಗೆ ಬಣ್ಣ ಬಳಿದಿದ್ದರು. ಅಲ್ಲಿಯ ಜನರು ತಮ್ಮ ನಾಡುಗಳಿಗೆ ಇಟ್ಟುಕೊಂಡಿದ್ದ ಹೆಸರುಗಳು ಅದರಲ್ಲಿ ಇದ್ದದ್ದು ಕಡಿಮೆ. ಪಾಠದ ತಯಾರಿಗೆ ನಾನು ನೆಚ್ಚಿಕೊಂಡದ್ದು ಒಂದು ಹಳೆಯ ಗೈಡನ್ನು. “ಕಗ್ಗತ್ತಲೆಯ ಖಂಡ” ಎಂದು ಅದರಲ್ಲಿ ತಲೆಬರಹ. ನದಿ, ಮರುಭೂಮಿ, ಗಣಿ, ಪ್ರಾಣಿಗಳ ಬಗ್ಗೆ ನಾಲ್ಕು ಪುಟ, ಜನರ ಬಗ್ಗೆ ಎರಡು ಸಾಲು. ಬಣ್ಣ ಕಪ್ಪು, ಕೂದಲು ಗುಂಗುರು, ತುಟಿ ದಪ್ಪ. ಅಷ್ಟೇ.

ಬಿ.ಎಡ್. ತರಗತಿಯಲ್ಲಿ ನಮಗೆ ಒಂದು ತತ್ವವನ್ನು ಬಾಯಿಪಾಠ ಮಾಡಿಸಿದ್ದರು. ಮಕ್ಕಳನ್ನು ಗೊತ್ತಿದ್ದದ್ದರಿಂದ ಗೊತ್ತಿಲ್ಲದ್ದರ ಕಡೆಗೆ ಕರೆದೊಯ್ಯಬೇಕು. ಆ ದಿನ ತರಗತಿಯಲ್ಲಿ ನನಗೆ ಆ ತತ್ವ ನೆನಪಾಯಿತು. ನೆನಪಾಗದಿದ್ದರೆ ಚೆನ್ನಾಗಿರುತ್ತಿತ್ತು.

“ಆಫ್ರಿಕಾದ ಮಂದಿ ಹೆಂಗ ಇರತಾರ ಅಂತ ನೋಡಾಕ ನೀವು ದೂರ ಹೋಗೂದ ಬ್ಯಾಡ,” ಎಂದೆ. “ನಮ್ಮ ಮಂಗಲಾನ್ನ ನೋಡ್ರಿ. ಎದ್ದ ನಿಲ್ಲವಾ ಮಂಗಲಾ.”

ಆಕೆ ಎದ್ದು ನಿಂತಳು. ಮೂವತ್ತೇಳು ತಲೆಗಳು ಆಕೆಯ ಕಡೆ ತಿರುಗಿದವು. ನನ್ನ ಕೈಯಲ್ಲಿ ನಕಾಶೆ ತೋರಿಸುವ ಕೋಲಿತ್ತು. ಗೈಡಿನ ಎರಡು ಸಾಲುಗಳನ್ನು ವಿವರಿಸುತ್ತ ಅದೇ ಕೋಲನ್ನು ಆಕೆಯ ಕೂದಲಿನ ಕಡೆಗೆ ಚಾಚಿದೆ. ಮಕ್ಕಳು ನಕ್ಕರು. ನಾನೂ ನಕ್ಕೆ ಅಂತ ಕಾಣುತ್ತದೆ. ಪಾಠ ರಂಗೇರಿತು ಎಂದು ಖುಷಿಯಾಗಿತ್ತು. ಆಕೆಯ ಮುಖ ಹೇಗಿತ್ತು ಎಂಬುದು ಎಷ್ಟು ಯೋಚಿಸಿದರೂ ನೆನಪಿಗೆ ಬರುವುದಿಲ್ಲ. ನಾನು ಮುಖ ನೋಡಿರಲೇ ಇಲ್ಲ.

ಮುಂದೆ ಎರಡು ದಿನ ಆಕೆ ಬಂದಳು. ಆಮೇಲೆ ಬರಲಿಲ್ಲ. ಗದ್ದೆ ನಾಟಿಯ ಕಾಲ, ಮಳೆಯೂ ಜೋರು, ತರಗತಿ ಹೇಗೂ ಅರ್ಧ ಖಾಲಿ ಇರುತ್ತಿತ್ತು. ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರಿನ ಮುಂದೆ ಗೈರುಹಾಜರಿ ಹಾಕುತ್ತ ಹೋದೆ. ಹನ್ನೆರಡನೆಯ ದಿನ ಹೆಡ್‌ಮಾಸ್ತರ್ ದೇಸಾಯಿಯವರು ಹಾಜರಿ ಪುಸ್ತಕ ತಿರುವಿ ನನ್ನನ್ನು ಕರೆದರು. ಒರಟು ಮಾತಿನ, ಆದರೆ ನ್ಯಾಯವಂತ ಮನುಷ್ಯ.

“ಈ ಹುಡುಗಿ ಬಿಟ್ಟಂಗ ಕಾಣತೈತಿ. ಸೋಮವಾರದ ಮಟಾ ನೋಡ್ರಿ. ಬರಲಿಲ್ಲಂದ್ರ ಹೆಸರು ಕಡೀರಿ. ಇನ್‌ಸ್ಪೆಕ್ಟರ್ ಬಂದ್ರ ನನಗ ಕೇಳತಾರ.”

ಒಮ್ಮೆ ಹೆಸರು ಕಡಿದರೆ ಆ ವರ್ಷದ ಮಟ್ಟಿಗೆ ಓದು ಮುಗಿದಂತೆ. ಆ ದಿನಗಳಲ್ಲಿ ಒಂದು ವರ್ಷ ಮನೆಯಲ್ಲಿ ಕುಳಿತ ಹುಡುಗಿ ಮತ್ತೆ ಶಾಲೆಗೆ ಬಂದದ್ದನ್ನು ನಾನಂತೂ ಕಂಡಿರಲಿಲ್ಲ. ಮಂಗಲಾಳ ಬಾಜು ಕೂರುತ್ತಿದ್ದ ಸರೋಜಾ ಎಂಬ ಹುಡುಗಿಯನ್ನು ವರಾಂಡಕ್ಕೆ ಕರೆದು ಕೇಳಿದೆ.

“ಮಂಗಲಾ ಯಾಕ ಬರವಲ್ಲಳು? ಜ್ವರಾ ಬಂದಾವೇನು?”

“ಜ್ವರಾ ಏನಿಲ್ರಿ.” ಆಕೆ ನೆಲ ನೋಡಿದಳು. “ಹುಡುಗುರು ಆಕಿಗೆ ಆಫ್ರಿಕಾ ಅಂತ ಕರ್ಯಾಕತ್ತಾರ್ರಿ. ನೀರ ಕುಡ್ಯಾಕ ಹ್ವಾದ್ರ ಹಿಂದಿಂದ ಬಂದು ಕೂದಲಾ ಜಗ್ಗತಾರ.”

ನನಗೆ ಸಿಟ್ಟು ಬಂತು. “ಯಾರವರು? ಹೆಸರು ಹೇಳು.”

ಸರೋಜಾ ತಲೆ ಎತ್ತಿ ನನ್ನನ್ನೇ ನೋಡಿದಳು. “ಮೊದಲ ನೀವ ಹೇಳಿದ್ರಲ್ರಿ ಸರ್.”

ಬೆತ್ತದ ಏಟನ್ನು ನಾನು ಚಿಕ್ಕಂದಿನಲ್ಲಿ ಸಾಕಷ್ಟು ತಿಂದಿದ್ದೇನೆ. ಆ ಒಂದು ಮಾತಿನಷ್ಟು ಯಾವುದೂ ಉರಿದಿರಲಿಲ್ಲ.

ಮರುದಿನ ಶನಿವಾರ, ಅರ್ಧ ದಿನದ ಶಾಲೆ. ಮಧ್ಯಾಹ್ನದ ಬಸ್ಸಿಗೆ ತಂಬೂರಿಗೆ ಹೋಗಿ, ಅಲ್ಲಿಂದ ದಾರಿ ಕೇಳುತ್ತ ಒಂದೂವರೆ ತಾಸು ನಡೆದೆ. ಎರಡು ಕಡೆ ಹಳ್ಳ ದಾಟಬೇಕಿತ್ತು, ಒಂದರಲ್ಲಿ ನೀರು ಮೊಣಕಾಲು ಮುಟ್ಟಿತು. ಈ ದಾರಿಯನ್ನು ದಿನಾ ಎರಡು ಸಲ ನಡೆದು ಒಂದು ಹುಡುಗಿ ನನ್ನ ಪಾಠ ಕೇಳಲು ಬರುತ್ತಿದ್ದಳು. ಹೆಜ್ಜೆಹೆಜ್ಜೆಗೂ ಅದೇ ತಲೆಯಲ್ಲಿ ಸುತ್ತುತ್ತಿತ್ತು.

ಕೇರಿಯಲ್ಲಿ ಒಂಬತ್ತು ಮನೆಗಳಿದ್ದವು. ಮಣ್ಣಿನ ಗೋಡೆ, ಅಚ್ಚುಕಟ್ಟಾಗಿ ಸಾರಿಸಿದ ಅಂಗಳ, ಬೇಲಿಯ ಮೇಲೆ ಸೌತೆ ಬಳ್ಳಿ. ಮಂಗಲಾಳ ತಂದೆ ಕೆಲಸಕ್ಕೆ ಹೋಗಿದ್ದರು. ಆಕೆಯ ಅಜ್ಜಿ ಕಟ್ಟೆಯ ಮೇಲೆ ಕುಳಿತು ಬಿದಿರು ಸೀಳುತ್ತಿದ್ದರು. ನಾನು ಯಾರೆಂದು ಹೇಳಿದೆ. ಅವರು ಕತ್ತಿ ಕೆಳಗಿಟ್ಟು ಬೆಲ್ಲ ಮತ್ತು ನೀರು ತಂದುಕೊಟ್ಟರು. ಬಾಗಿಲ ಸಂದಿಯಲ್ಲಿ ಮಂಗಲಾಳ ನೆರಳು ಕಂಡಿತು, ಆಕೆ ಹೊರಗೆ ಬರಲಿಲ್ಲ.

“ಸಾಲಿ ಒಲ್ಲೆ ಅಂತಾಳ್ರಿ ಮಾಸ್ತರ್ರ,” ಎಂದರು ಅಜ್ಜಿ. “ಯಾಕ ಅಂದ್ರ ಹೇಳಂಗಿಲ್ಲ. ಒಂದಿನಾ ರಾತ್ರಿ ನನ್ನ ಕೇಳಿದ್ಲು, ಆಯಿ, ನಮ್ಮ ಊರು ಯಾವುದು ಅಂತ. ಇದ ಅಲ್ಲೇನ ಅಂದೆ. ಅಳಾಕ ಹತ್ತಿದ್ಲು.”

ನಾನು ಮಾಡಿದ್ದನ್ನು ಅವರಿಗೆ ಹೇಳಿದೆ. ಕೋಲು ಚಾಚಿದ್ದನ್ನೂ ಹೇಳಿದೆ. ಒಳಗಿನಿಂದ ಮಂಗಲಾ ಮಾತಾಡಿದಳು.

“ನಾ ಇಲ್ಲೇ ಹುಟ್ಟೇನ್ರಿ ಸರ್. ನಮ್ಮವ್ವನೂ ಇಲ್ಲೇ ಹುಟ್ಟ್ಯಾಳ, ಆಯಿನೂ ಇಲ್ಲೇ ಹುಟ್ಟ್ಯಾಳ. ನೀವು ಅಣ್ಣಿಗೇರಿಯಿಂದ ಬಂದಾವರು. ನನ್ನ್ಯಾಕ ಹೊರಗಿನಾಕಿ ಮಾಡಿದ್ರಿ?”

“ತಪ್ಪಾತವಾ,” ಎಂದೆ.

ಅಜ್ಜಿ ಹೇಳಿದರು, “ಇಲ್ಲಿ ಬಂದು ತಪ್ಪಾತು ಅಂದ್ರ ಏನ ಬಂತ್ರಿ? ಎಲ್ಲಾರ ಮುಂದ ನಿಲ್ಲಿಸಿದ್ರಿ. ಎಲ್ಲಾರ ಮುಂದ ಹೇಳ್ರಿ.”

ಮಂಗಲಾ ಬಾಗಿಲಿಗೆ ಬಂದಳು. “ಆ ಪಾಠಾ ಮತ್ತ ಹೇಳ್ರಿ. ಸರೀಗೆ ಹೇಳ್ರಿ. ಆಮ್ಯಾಲೆ ನಾ ಬರತೇನಿ.”

ಹೊರಡುವಾಗ ಅಜ್ಜಿ ಒಂದು ಪ್ರಶ್ನೆ ಕೇಳಿದರು. “ನಮ್ಮ ಮುತ್ತ್ಯಾ ಹೇಳತಿದ್ದ. ಹಿರ್ಯಾರು ಗೋವಾದಾಗ ಪರಂಗಿ ದೊರಿಗಳ ಮನ್ಯಾಗ ಇದ್ರಂತ, ಹೊಡತಾ ತಾಳಲಾರದ ಘಟ್ಟ ಹತ್ತಿ ಅಡವಿಗೆ ಓಡಿ ಬಂದ್ರಂತ. ಗೋವಾಕ್ಕ ಎಲ್ಲಿಂದ ಬಂದ್ರು? ನಿಮ್ಮ ಪುಸ್ತಕದಾಗ ಐತೇನ್ರಿ?”

ಪುಸ್ತಕದಲ್ಲಿ ಇರಲಿಲ್ಲ. ಭೂಗೋಳದಲ್ಲಿ ಪದವಿ ಪಡೆದ ನನಗೂ ಗೊತ್ತಿರಲಿಲ್ಲ. ಹಾಗೆಯೇ ಒಪ್ಪಿಕೊಂಡೆ.

ಸೋಮವಾರ ದೇಸಾಯಿಯವರ ಮುಂದೆ ನಿಂತು, ಹುಡುಗಿ ಬರುತ್ತಾಳೆ, ಇನ್ನೊಂದು ವಾರ ಕೊಡಿ ಎಂದೆ. ಜೊತೆಗೆ ಆಫ್ರಿಕಾ ಪಾಠವನ್ನು ಮತ್ತೊಮ್ಮೆ ಹೇಳಬೇಕು ಎಂದೂ, ಎರಡು ದಿನ ರಜೆ ಬೇಕು ಎಂದೂ ಸೇರಿಸಿದೆ.

“ಮುಗದ ಪಾಠಾ ಮತ್ತ್ಯಾಕ್ರಿ? ಪೋರ್ಶನ್ ಹಿಂದ ಬೀಳತೈತಿ. ಇನ್‌ಸ್ಪೆಕ್ಟರ್‌ಗೆ ಏನ ಹೇಳತೀರಿ?”

“ಮೊದಲನೇ ಸಲ ತಪ್ಪು ಹೇಳಿದ್ದೆ ಅಂತ ಹೇಳತೇನ್ರಿ.”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಇಪ್ಪತ್ತೆಂಟು ವರ್ಷ ಆತು ನೌಕರಿಗೆ. ಹಿಂಗ ಅಂದಾವ್ರು ನೀವ ಮೊದಲ್ನೇದಾವ್ರು. ಹೋಗಿ ಬರ್ರಿ,” ಎಂದರು.

ಧಾರವಾಡದಲ್ಲಿ ನಾನು ಓದಿದ್ದ ಕಾಲೇಜಿನ ಗ್ರಂಥಾಲಯದಲ್ಲಿ ಎರಡು ದಿನ ಕುಳಿತೆ. ಪರಿಚಯದ ಗ್ರಂಥಪಾಲಕರು ಕಪಾಟುಗಳ ಬೀಗ ತೆಗೆದುಕೊಟ್ಟರು. ಓದುತ್ತ ಹೋದಂತೆ ನನ್ನ ಅಜ್ಞಾನಕ್ಕೆ ನಾನೇ ಬೆರಗಾದೆ. ನಮಗೆ ಮಳೆ ತರುವ ನೈಋತ್ಯ ಮಾರುತ ಸಮಭಾಜಕ ವೃತ್ತ ದಾಟಿ ಬರುವುದು ಪೂರ್ವ ಆಫ್ರಿಕಾದ ಕರಾವಳಿಯ ಬದಿಯಿಂದ. ಅದೇ ಗಾಳಿಗೆ ಹಾಯಿ ಬಿಚ್ಚಿ ಹಡಗುಗಳು ಸಾವಿರಾರು ವರ್ಷ ಓಡಾಡಿವೆ. ವ್ಯಾಪಾರಿಗಳು ಬಂದರು, ಸೈನಿಕರಾಗಿ ಬಂದವರೂ ಇದ್ದರು. ಆಮೇಲೆ ಪೋರ್ಚುಗೀಸರು ಮೊಜಾಂಬಿಕ್ ತೀರದಲ್ಲಿ ಕೋಟೆ ಕಟ್ಟಿದರು, ಇತ್ತ ಗೋವಾದಲ್ಲೂ ಕಟ್ಟಿದರು, ಎರಡರ ನಡುವೆ ಮನುಷ್ಯರನ್ನು ಸಾಮಾನಿನಂತೆ ಸಾಗಿಸಿದರು. ಗೈಡಿನಲ್ಲಿ ಕಗ್ಗತ್ತಲೆ ಎಂದಿದ್ದ ಆ ಖಂಡದಲ್ಲಿ ಗಾರೆಯಿಲ್ಲದೆ ಬರೀ ಕಲ್ಲು ಜೋಡಿಸಿ ಕಟ್ಟಿದ ದೊಡ್ಡ ಪಟ್ಟಣವಿತ್ತು, ಕಬ್ಬಿಣ ಕರಗಿಸುವ ಕುಲುಮೆಗಳಿದ್ದವು, ರಾಜ್ಯಗಳಿದ್ದವು. ಎರಡನೆಯ ದಿನ ಸಂಜೆ, ಬೆಳೆಗಳ ಮೂಲದ ಬಗ್ಗೆ ಬರೆದ ಒಂದು ಪುಸ್ತಕದಲ್ಲಿ ಇನ್ನೊಂದು ವಿಷಯ ಸಿಕ್ಕಿತು. ಅದನ್ನು ಓದಿ ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ.

ವಾಪಸು ಬಂದವನೇ ಶಾಲೆಯ ಹಳೆಯ ನಕಾಶೆಯನ್ನು ಕೆಳಗಿಳಿಸಿ, ಅದರ ಬೆನ್ನಿನ ಬಟ್ಟೆಯ ಮೇಲೆ ಹೊಸ ನಕಾಶೆ ಬರೆದೆ. ಎಡಕ್ಕೆ ಆಫ್ರಿಕಾದ ಪೂರ್ವ ತೀರ, ಬಲಕ್ಕೆ ನಮ್ಮ ಪಶ್ಚಿಮ ತೀರ, ನಡುವೆ ಸಮುದ್ರ. ಗಾಳಿಯ ದಾರಿಗೆ ಬಾಣ ಹಾಕಿದೆ. ಸ್ವತಂತ್ರವಾದ ದೇಶಗಳಿಗೆ ಅವರದೇ ಹೆಸರು ಬರೆದೆ. ಮೊಜಾಂಬಿಕ್ ಸ್ವತಂತ್ರವಾಗಿ ಆಗಿನ್ನೂ ಒಂದು ವರ್ಷ ಕಳೆದಿತ್ತಷ್ಟೇ. ದೇಸಾಯಿಯವರು ನೋಡಿ, “ನಕಾಶಿ ಡೆಡ್‌ಸ್ಟಾಕ್ ರಜಿಸ್ಟರಿನಾಗ ಐತ್ರಿ, ಹೊಲಸ ಮಾಡಬ್ಯಾಡ್ರಿ,” ಎಂದು ಶಾಲೆಯ ಸಾಮಾನುಗಳ ಲೆಕ್ಕದ ಪುಸ್ತಕ ನೆನೆದು ಗೊಣಗಿದರು. ತಡೆಯಲಿಲ್ಲ.

ಶುಕ್ರವಾರ ಮೂರನೆಯ ಪಿರಿಯಡ್. ಸರೋಜಾಳ ಮೂಲಕ ಹೇಳಿ ಕಳಿಸಿದ್ದೆ. ಮಂಗಲಾ ಬಂದಿದ್ದಳು. ಬಾಗಿಲ ಹತ್ತಿರದ ಕೊನೆಯ ಬೆಂಚಿನಲ್ಲಿ, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕುಳಿತಿದ್ದಳು. ಯಾವಾಗ ಬೇಕಾದರೂ ಎದ್ದು ಹೋಗುವವಳ ಹಾಗೆ.

ಆಕೆಯ ಕಡೆ ನೋಡದೆ ಶುರು ಮಾಡಿದೆ. “ಹೋದ ತಿಂಗಳು ನಾ ಆಫ್ರಿಕಾ ಪಾಠಾ ತಪ್ಪು ಹೇಳಿದೆ. ಒಂದು ದೇಶದ ಮಂದಿ ಅಂದ್ರ ಬಣ್ಣಾ, ಕೂದಲಾ ಅಲ್ಲ. ನಿಮ್ಮ ಜೊತಿ ಕೂತಾಕಿನ್ನ ಎಬ್ಬಿಸಿ ನಿಲ್ಲಿಸಿದ್ದು ಇನ್ನೂ ದೊಡ್ಡ ತಪ್ಪು. ಆ ತಪ್ಪು ಮಾಡಿದಾವ ನಾನು. ಅದಕ್ಕ ನಾ ಆಕಿ ಕ್ಷಮಾ ಕೇಳತೇನಿ.”

ಮಾಸ್ತರು ಕ್ಷಮೆ ಕೇಳುವುದನ್ನು ಆ ಮಕ್ಕಳು ಕಂಡಿರಲಿಲ್ಲ. ನಾನೂ ಕಂಡಿರಲಿಲ್ಲ.

ನಕಾಶೆ ಬಿಚ್ಚಿದೆ. ಮುಂದಿನ ಬೆಂಚಿನ ಬಸವರಾಜನನ್ನು ಕೇಳಿದೆ. ಕೂದಲು ಜಗ್ಗುವವರಲ್ಲಿ ಅವನೇ ಮುಂದಾಳು ಎಂದು ನನಗೆ ಅಷ್ಟರಲ್ಲಿ ತಿಳಿದಿತ್ತು. ಆದರೆ ಆ ಸುದ್ದಿ ಎತ್ತಲಿಲ್ಲ.

“ಇವತ್ತ ಮುಂಜಾನೆ ಏನ ತಿಂದ ಬಂದಿ?”

“ರೊಟ್ಟಿ ಪಲ್ಯಾರಿ.”

“ಎದರ ರೊಟ್ಟಿ?”

“ಜ್ವಾಳದ್ದು.”

“ಜ್ವಾಳಾ ಎಲ್ಲಿದು?”

“ನಮ್ಮ ಹೊಲದ್ದ್ರಿ. ನವಲಗುಂದದಾಗ ನಮ್ಮ ಮಾವನ ಹೊಲಾ ಐತಿ.”

ಕೋಲನ್ನು ನಕಾಶೆಯಲ್ಲಿ ಆಫ್ರಿಕಾದ ಈಶಾನ್ಯಕ್ಕೆ ಇಟ್ಟೆ. ಜೋಳವನ್ನು ಮನುಷ್ಯ ಮೊದಲು ಬೆಳೆದದ್ದು ಈ ನಾಡಿನಲ್ಲಿ, ಇಲ್ಲಿಯ ರೈತರು ಕಾಡುಹುಲ್ಲನ್ನು ಆರಿಸಿ ಆರಿಸಿ ಜೋಳ ಮಾಡಿದರು, ಸಾವಿರಾರು ವರ್ಷಗಳ ಹಿಂದೆ ಅದು ಸಮುದ್ರ ದಾಟಿ ನಮ್ಮ ಕಡೆ ಬಂತು ಎಂದು ಹೇಳಿದೆ. ರಾಗಿಯೂ ಅಲ್ಲಿಂದ ಬಂದದ್ದೇ. ಗ್ರಂಥಾಲಯದಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದು ಈ ಸಂಗತಿ.

ಬಸವರಾಜ ಬಾಯಿ ತೆರೆದು ಕುಳಿತ. “ಅಂದ್ರ ನಮ್ಮ ರೊಟ್ಟಿ ಆಫ್ರಿಕಾದ್ದೇನ್ರಿ?”

ಹಿಂದಿನಿಂದ ಯಾರೋ ಕಿಸಕ್ಕೆಂದರು. ನೋಡಿದರೆ ಮಂಗಲಾ. ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

ಆಮೇಲಿನ ಪಾಠ ಸಲೀಸಾಗಿ ಸಾಗಿತು. ನಮಗೆ ಪಶ್ಚಿಮಕ್ಕೆ ಸಮುದ್ರ, ಮೊಜಾಂಬಿಕ್‌ನವರಿಗೆ ಪೂರ್ವಕ್ಕೆ, ಆದರೆ ಸಮುದ್ರ ಒಂದೇ. ಅಲ್ಲೂ ತೀರದ ಬಯಲು ದಾಟಿದರೆ ಎತ್ತರದ ಪ್ರಸ್ಥಭೂಮಿ ಇದೆ. ಕಲ್ಲಿನ ಪಟ್ಟಣದ ಬಗ್ಗೆ, ಕುಲುಮೆಗಳ ಬಗ್ಗೆ ಹೇಳಿದೆ. ಮನುಷ್ಯರನ್ನು ಹಡಗಿನಲ್ಲಿ ತುಂಬಿ ತಂದದ್ದನ್ನು, ಗೋವಾದಿಂದ ಘಟ್ಟ ಹತ್ತಿ ಓಡಿಬಂದು ಸ್ವತಂತ್ರರಾಗಿ ಬದುಕಿದವರ ಧೈರ್ಯವನ್ನು ಹೇಳಿದೆ. ಯಾರ ಹೆಸರನ್ನೂ ಎತ್ತಲಿಲ್ಲ. ಮಂಗಲಾಳೇ ಎದ್ದು ಕೇಳಿದಳು.

“ಇಷ್ಟೆಲ್ಲಾ ಪುಸ್ತಕದಾಗ ಯಾಕ ಇಲ್ರಿ ಸರ್?”

“ಬರದಾವರು ಅವರನ್ನ ಕೇಳಿಲ್ಲ. ನಾನೂ ನಿನ್ನ ಕೇಳಿರಲಿಲ್ಲ ನೋಡು,” ಎಂದೆ.

ಆಕೆ ಕುಳಿತುಕೊಂಡಳು. ಚೀಲವನ್ನು ಬೆಂಚಿನ ಕೆಳಗೆ ಇಟ್ಟಳು. ವರಾಂಡದಲ್ಲಿ ನಿಂತು ಕೇಳುತ್ತಿದ್ದ ದೇಸಾಯಿಯವರು ಗಂಟೆ ಹೊಡೆದ ಮೇಲೆ, “ಐವತ್ತು ವರ್ಷ ಜ್ವಾಳದ ರೊಟ್ಟಿ ತಿಂದೇನಿ, ಇದ ಗೊತ್ತಿರಲಿಲ್ಲ ನೋಡ್ರಿ,” ಎಂದು ಹೋದರು.

ಎಲ್ಲವೂ ಒಂದೇ ದಿನಕ್ಕೆ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅಡ್ಡಹೆಸರು ತಿಂಗಳುಗಟ್ಟಲೆ ಉಳಿಯಿತು. ಒಂಬತ್ತನೇ ಇಯತ್ತೆಯ ಒಬ್ಬ ಹುಡುಗ ಮತ್ತೆ ಕೂದಲು ಜಗ್ಗಿದಾಗ ಮಂಗಲಾ ಕಂಪಾಸ್ ಪೆಟ್ಟಿಗೆಯಿಂದ ಅವನ ಹಣೆಗೆ ಬಾರಿಸಿದಳು. ದೇಸಾಯಿಯವರು ಇಬ್ಬರನ್ನೂ ಕರೆದು ವಿಚಾರಿಸಿ, ಹುಡುಗನಿಗೆ ಮಾತ್ರ ಶಿಕ್ಷೆ ಕೊಟ್ಟರು. ಬಿಡಿಸಲು ಅಡ್ಡ ಹೋದವನು ಬಸವರಾಜ ಎಂದು ಆಮೇಲೆ ಕೇಳಿದೆ.

ದಸರಾ ರಜೆಯಲ್ಲಿ ಬಟ್ಟೆಯ ನಕಾಶೆಯನ್ನು ಸುತ್ತಿ ಹಿಡಿದು ಮತ್ತೆ ಆ ಕೇರಿಗೆ ಹೋದೆ. ಈ ಸಲ ತಂದೆ ಗಣಪತಿಯವರೂ ಮನೆಯಲ್ಲಿದ್ದರು. ಅಕ್ಕಪಕ್ಕದ ಮನೆಯವರೂ ಸೇರಿದರು. ನಕಾಶೆಯನ್ನು ಅಂಗಳದಲ್ಲಿ ಹಾಸಿದೆವು. ಅಜ್ಜಿ ಬಗ್ಗಿ ಕುಳಿತು ಬೆರಳಿನಿಂದ ಸಮುದ್ರ ಸವರಿದರು.

“ಆಯಿ, ನಿಮ್ಮ ಹಿರ್ಯಾರ ಊರು ಯಾವುದು ಅಂತ ಹೇಳಾಕ ನನಗ ಆಗಂಗಿಲ್ಲ,” ಎಂದೆ. “ಹೆಸರು ಯಾರೂ ಬರದ ಇಟ್ಟಿಲ್ಲ. ಗೋವಾಕ್ಕ ಬಂದಾವರು ಭಾಳ ಮಂದಿ ಈ ಬಾಜುದವರು. ಅಷ್ಟ ಗೊತ್ತು.”

ನಾನು ತೋರಿಸಿದ ಮೊಜಾಂಬಿಕ್ ತೀರದ ಮೇಲೆ ಅವರು ಬೆರಳಿಟ್ಟರು. ಅಳುತ್ತಾರೇನೋ ಎಂದುಕೊಂಡೆ. ಆದರೆ ಅವರು ಕೇಳಿದ್ದು ಬೇರೆ.

“ಅಲ್ಲಿ ಮಂದಿ ಈಗ ತಮ್ಮ ಭೂಮಿ ತಾವ ಉಳತಾರೇನ್ರಿ?”

“ಹೋದ ವರ್ಷ ಪರಂಗ್ಯಾರನ್ನ ಕಳಿಸ್ಯಾರ. ಈಗ ಅವರದ ರಾಜ್ಯ.”

“ಹಂಗಾದ್ರ ಚೊಲೋ ಆತು,” ಎಂದು ಅಜ್ಜಿ ಎದ್ದರು. ಒಳಗೆ ಹೋಗಿ ಜೇನುತುಪ್ಪದ ಒಂದು ಸೀಸೆ ತಂದು ನನ್ನ ಕೈಗೆ ಕೊಟ್ಟರು.

ಮಂಗಲಾ 1979ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕುಳಿತಳು. ಇಂಗ್ಲಿಷ್ ಒಂದರಲ್ಲಿ ಹೋಯಿತು, ಅಕ್ಟೋಬರಿನಲ್ಲಿ ಮತ್ತೆ ಕಟ್ಟಿ ಪಾಸಾದಳು. ಹುಬ್ಬಳ್ಳಿಯಲ್ಲಿ ಸೂಲಗಿತ್ತಿ ನರ್ಸ್ ತರಬೇತಿ ಪಡೆದು ಹಳ್ಳಿಗಳಲ್ಲಿ ಕೆಲಸಕ್ಕೆ ಸೇರಿದಳು. ಅಷ್ಟರಲ್ಲಿ ನನಗೆ ನವಲಗುಂದ ತಾಲೂಕಿಗೆ ವರ್ಗವಾಗಿತ್ತು. ಹಲವು ವರ್ಷಗಳ ನಂತರ ಒಮ್ಮೆ ಕಲಘಟಗಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಬಿಳಿ ಸೀರೆ, ಹೆಗಲಿಗೆ ಔಷಧದ ಚೀಲ. ಮನೆಯವರ ಕ್ಷೇಮ ವಿಚಾರಿಸಿದ ಮೇಲೆ ಕೇಳಿದಳು, “ಆಫ್ರಿಕಾ ಪಾಠಾ ಇನ್ನೂ ಹೇಳತೀರೇನ್ರಿ ಸರ್?”

“ಪ್ರತಿ ವರ್ಷಾ ಹೇಳತೇನವಾ.”

“ಹೆಂಗ ಹೇಳತೀರಿ?”

ತಮಾಷೆಗೆ ಕೇಳಿದ್ದಲ್ಲ. ಬಸ್ಸು ಬರುವವರೆಗೆ ಅಲ್ಲೇ ನಿಂತು, ಪಾಠವನ್ನು ಎಲ್ಲಿಂದ ಶುರು ಮಾಡುತ್ತೇನೆ, ಏನು ಹೇಳುತ್ತೇನೆ, ಏನು ಬಿಡುತ್ತೇನೆ ಎಂದು ವಿವರಿಸಿದೆ. ಆಕೆ ತಲೆಯಾಡಿಸುತ್ತ ಕೇಳಿದಳು. ಒಂದು ಕಡೆ ತಡೆದು, “ಓಡಿ ಬಂದದ್ದಷ್ಟ ಹೇಳಬ್ಯಾಡ್ರಿ. ಬಂದು ಅಡವ್ಯಾಗ ಹೆಂಗ ಬದುಕು ಕಟ್ಟಿದ್ರು ಅನ್ನೂದೂ ಹೇಳ್ರಿ,” ಎಂದು ತಿದ್ದಿದಳು. ಮರುವರ್ಷದಿಂದ ಅದನ್ನೂ ಸೇರಿಸಿದೆ.

ಒಟ್ಟು ಮೂವತ್ನಾಲ್ಕು ವರ್ಷ ಭೂಗೋಳ ಕಲಿಸಿದೆ. ಭೂಗೋಳದ ಪುಸ್ತಕಗಳಲ್ಲಿ ಪರ್ವತಕ್ಕೆ ಎತ್ತರ ಇರುತ್ತದೆ, ನದಿಗೆ ಉದ್ದ ಇರುತ್ತದೆ, ಜನ ಮಾತ್ರ ಎಲ್ಲೋ ದೂರದ “ಅವರು” ಆಗಿಬಿಡುತ್ತಾರೆ. ಅವರು ಹೀಗಿರುತ್ತಾರೆ, ಅವರು ಇದನ್ನು ತಿನ್ನುತ್ತಾರೆ ಎಂದು ಹೇಳುವುದು ಮಾಸ್ತರನಿಗೆ ಬಹಳ ಸುಲಭ. ಕೆಲಸ ನನಗೆ ಕಲಿಸಿದ್ದು ಇಷ್ಟು. ಯಾವ ನಾಡಿನ ಪಾಠವೇ ಆಗಲಿ, ಆ ನಾಡಿನವರೊಬ್ಬರು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳುತ್ತಿದ್ದಾರೆ ಎಂದುಕೊಂಡೇ ಬಾಯಿ ತೆರೆಯಬೇಕು.